ಲೇಖಕರ ಹೆಸರು

ಎರಡು ಕುರ್ಚಿಗಳನ್ನು ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಮಗಳನ್ನು, ಅಮ್ಮ ಪಾಠ ಮಾಡುತ್ತಿದ್ದ ಕಾಲೇಜಿನ ಪ್ರಾಂಶುಪಾಲರು ಅರ್ಧದಲ್ಲೇ ತಡೆದರು.

"ಈ ಹೊತ್ತಲ್ಲಿ ಕೇಳಬಾರದಮ್ಮಾ. ಆದ್ರೂ, ನಿಮ್ಮಮ್ಮನ ಆ ವೆಬ್‌ಸೈಟಿನ ಪಾಸ್‌ವರ್ಡು ನಿಮ್ಮ ಹತ್ರ ಇದೆಯಾ?"

ಕೇಳಬಾರದು ಎನ್ನುವವರು ಕೇಳದೆ ಬಿಟ್ಟದ್ದುಂಟೇ! ಮೇಲೆ ನಡುಮನೆಯಲ್ಲಿ ಅಮ್ಮನ ದೇಹ ಮಲಗಿತ್ತು. ಮಧ್ಯಾಹ್ನ ಸ್ಮಶಾನಕ್ಕೆ ಒಯ್ಯುವ ಗಾಡಿ ಬರಬೇಕಿತ್ತು.

"ಯಾಕೆ ಸರ್?"

"ಅದನ್ನ ಮುಚ್ಚಬೇಕು ಅಂತ ತೀರ್ಮಾನಿಸಲಾಗಿದೆ."

ಮಾತಾಡುವಾಗಲೂ ನೋಟೀಸು ಬೋರ್ಡಿನಂತೆ ಮಾತಾಡುವ ಮನುಷ್ಯ. ಅವಳು ಕುರ್ಚಿ ಹೊತ್ತು ಮೇಲೆ ನಡೆದಳು.

ಹಾಗೆ ನೋಡಿದರೆ ಆ ವೆಬ್‌ಸೈಟಿನ ಮೇಲೆ ಅವಳಿಗೂ ಪ್ರೀತಿಯಿರಲಿಲ್ಲ. ಬೇರೆ ಭಾಷೆಯ ಮನೆಗಳಿಂದ ಓದಲು ಬಂದವರಿಗೆ ಅಮ್ಮ ಈ ಊರಿನ ಭಾಷೆಯಲ್ಲಿ ಪ್ರಬಂಧ ಬರೆಯುವುದನ್ನು ಕಲಿಸುತ್ತಿದ್ದಳು. ಅವರು ಬರೆದದ್ದನ್ನೆಲ್ಲ ಅದರಲ್ಲಿ ಪ್ರಕಟಿಸಬೇಕು. "ನನಗೊಬ್ಬಳಿಗೆ ಬರೆದ್ರೆ ಮಾರ್ಕಿಗೆ ಬರೀತಾರೆ. ಊರೆಲ್ಲ ಓದುತ್ತೆ ಅಂದ್ರೆ ನಾಚಿಕೆಗಾದ್ರೂ ನಿಜ ಬರೀತಾರೆ" ಅನ್ನುವಳು. ಮಗಳ ಸಂಜೆಗಳೆಲ್ಲ ಅಮ್ಮನ ಆ ತಿದ್ದುವಿಕೆಗೇ ಬಲಿಯಾಗಿದ್ದವು.

*

"ಅಮ್ಮಾ, ಗಾಜಿನ ಲೋಟ ಒಡೆದುಹೋಯ್ತು," ಎಂದಿದ್ದಳು ಮಗಳು, ಚಿಕ್ಕವಳಿದ್ದಾಗ ಒಮ್ಮೆ.

"ಅದಕ್ಕೇನು ಜೀವನ ಬೇಜಾರಾಗಿ ತಾನೇ ಹಾರ್ಕೊಳ್ತಾ? ಯಾರು ಒಡೆದಿದ್ದು?"

"ನಾನು."

"ಹಾಂ, ಈಗ ವಾಕ್ಯ ಪೂರ್ತಿ ಆಯ್ತು."

ಬೈಗುಳ ಅಷ್ಟೇ. ವಿದ್ಯಾರ್ಥಿಗಳಿಗೂ ಅದೇ ಪಾಠ. 'ಮಾಡಲಾಗಿದೆ', 'ಹೇಳಲಾಗುತ್ತದೆ' ಎಂದು ಬರೆದರೆ ಪಕ್ಕದಲ್ಲಿ 'ಯಾರಿಂದ?' ಎಂದು ಗೀಚುವಳು. ಹೆಸರಿಲ್ಲದ ಬರಹ ಪ್ರಕಟವೇ ಆಗದಂತೆ ವೆಬ್‌ಸೈಟಿನಲ್ಲಿ ಏರ್ಪಾಡು ಮಾಡಿಸಿದ್ದಳು.

ಕಾಲೇಜಿನ ಹಾಸ್ಟೆಲಿನ ಕುಡಿಯುವ ನೀರನ್ನು ಪರೀಕ್ಷಿಸಿ, ಅದು ಕೊಳಕೆಂದು ಪುರಾವೆ ಸಮೇತ ಬರೆದ ಹುಡುಗಿ ಮಾತ್ರ ಹೆಸರು ಹಾಕಲು ಹೆದರಿದ್ದಳು. "ಭಯ ಆದ್ರೆ ಇವತ್ತು ಬೇಡ ಬಿಡು" ಎಂದಿದ್ದಳು ಅಮ್ಮ. ಮರುದಿನ ಹುಡುಗಿ ತಾನಾಗಿಯೇ ಬಂದು ಹೆಸರು ಹಾಕಿದಳು. ಅಂದಿನಿಂದ ಗೆಳೆಯರ ಬಾಯಲ್ಲಿ ಅವಳು 'ನೀರಿನವಳು'. ಪ್ರಬಂಧ ತೆಗೆಯಿರಿ ಎಂದು ಕಾಲೇಜು ಹೇಳಿತು, ಅಮ್ಮ ಒಪ್ಪಲಿಲ್ಲ. 'ತಮ್ಮ ತರಗತಿಗಳನ್ನು ಹಿಂಪಡೆಯಲಾಗಿದೆ' ಎಂಬ ಕಾಗದ ಬಂತು.

"ಯಾರೋ ಹೊರಗಿನವರಿಗೋಸ್ಕರ ಇದ್ದ ಕೆಲಸಾನೂ ಕಳ್ಕೊಂಡ್ಯಲ್ಲ!" ಎಂದು ಮಗಳು ಅಂದು ಕೂಗಾಡಿದ್ದಳು.

*

ಆ ನೀರಿನವಳೇ ಈಗ ಅಮ್ಮನ ಕಾಲ ಬಳಿ ಕೂತು, ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಳು. ಪ್ರಾಂಶುಪಾಲರು ಕೇಳಿದ್ದೇನೆಂದು ಮಗಳು ಹೇಳಿದಾಗ ಅವಳು ತಟ್ಟನೆ ಎದ್ದಳು.

"ಬೇಡ ಅಕ್ಕಾ. ಹಾಸ್ಟೆಲಿನ ನೀರಿನ ಟ್ಯಾಂಕು ಬದಲಾಗಿಲ್ಲ. ಆ ನೀರನ್ನು ಹುಡುಗಿಯರು ಈಗಲೂ ಕುಡಿಯುತ್ತಾರೆ. ಹೊಸದಾಗಿ ಬಂದವರಿಗೆ ಗೊತ್ತಾಗುವುದು ಅದು ಓದಿ ಮಾತ್ರ."

ಅಮ್ಮ ಯಾತಕ್ಕೆ ಹಟ ಹಿಡಿದಿದ್ದಳೆಂದು ಮಗಳು ಒಂದು ಸಲವೂ ಕೇಳಿರಲಿಲ್ಲವಲ್ಲ! ಅಮ್ಮನ ಲ್ಯಾಪ್‌ಟಾಪು ತಂದು, ವೆಬ್‌ಸೈಟು ತೆರೆದು, ಮೇಲೆ ಬಂದಿದ್ದ ಪ್ರಾಂಶುಪಾಲರ ಮುಂದಿಟ್ಟಳು.

"ಮುಚ್ಚೋದಾದ್ರೆ ಓದೋರಿಗೆ ಹೇಳ್ಬೇಕಲ್ಲ ಸರ್? ನೀವೇ ಎರಡು ಸಾಲು ಬರೆದು ಪ್ರಕಟಿಸಿ. ಆಮೇಲೆ ನಾನೇ ಪಾಸ್‌ವರ್ಡು ಕೊಡ್ತೀನಿ."

ಇಷ್ಟು ಸುಲಭವೇ ಎಂಬಂತೆ ಅವರು ಕೂತರು. 'ಈ ಜಾಲತಾಣವನ್ನು ಮುಚ್ಚಲಾಗಿದೆ' ಎಂದು ಬರೆದು ಗುಂಡಿ ಒತ್ತಿದರು. ಕೆಂಪಕ್ಷರ ಮೂಡಿತು: ಲೇಖಕರ ಹೆಸರು ಬರೆಯಿರಿ.

'ಆಡಳಿತ ಮಂಡಳಿ' ಎಂದು ಬರೆದರು.

"ಅದು ಹೆಸರು ಅಲ್ಲ ಸರ್," ಎಂದಳು ನೀರಿನವಳು.

ಹಿಂದೆ ನಿಂತಿದ್ದ ಹಳೆಯ ವಿದ್ಯಾರ್ಥಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಪ್ರಾಂಶುಪಾಲರು ಬರೆದದ್ದನ್ನು ಅಳಿಸಿದರು.

ಕೆಳಗೆ ಗಾಡಿ ಹಾರನ್ ಹಾಕಿತು. ಮಗಳು ಅಮ್ಮನ ತಲೆಯ ಕಡೆ ಹಿಡಿದಳು, ನೀರಿನವಳು ಕಾಲಿನ ಕಡೆ, ಉಳಿದವರು ಅಕ್ಕಪಕ್ಕ. ಆ ಮನುಷ್ಯ ಮನಸ್ಸು ಗಟ್ಟಿಮಾಡಿ ತನ್ನ ಹೆಸರು ಬರೆದುಬಿಟ್ಟರೆ ಎಲ್ಲ ಮುಗಿಯಿತು. ಕೊಟ್ಟ ಮಾತು ತಪ್ಪುವಂತಿಲ್ಲ.

ಹೊಸಿಲು ದಾಟುವಾಗ ತಿರುಗಿ ನೋಡಿದಳು. ಖಾಲಿಯಾದ ಕುರ್ಚಿಗಳ ನಡುವೆ ಪ್ರಾಂಶುಪಾಲರು ಒಬ್ಬರೇ ಕೂತು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಪರದೆಯ ಮೇಲೆ ಹೆಸರಿನ ಜಾಗ ಖಾಲಿಯೇ ಇತ್ತು.