ಮೊದಲನೆಯದೋ, ಎರಡನೆಯದೋ

ನನಗೆ ಎರಡು ಮೆಡಿಕಲ್ ಕಾಲೇಜುಗಳಲ್ಲಿ ಸೀಟು ಸಿಕ್ಕಿದ ಆ ವಾರ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು, ಅಪ್ಪನಿಗೆ ಮಾತ್ರ ಇರಲಿಲ್ಲ. ಒಂದು ಕಾಲೇಜು ನಮ್ಮ ಊರಿನಲ್ಲೇ ಇತ್ತು. ಮನೆಯ ತಾರಸಿಗೆ ಹತ್ತಿದರೆ ಅದರ ನೀರಿನ ಟ್ಯಾಂಕು ಕಾಣುತ್ತಿತ್ತು. ಇನ್ನೊಂದು ಇದ್ದದ್ದು ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಹೋಗಬೇಕಾದ ದೊಡ್ಡ ನಗರದಲ್ಲಿ. ಅಲ್ಲಿನ ಆಸ್ಪತ್ರೆಯ ಕಣ್ಣಿನ ವಿಭಾಗದ ಹೆಸರೆತ್ತಿದರೆ ಸಾಕು, ಕನ್ನಡಕ ಮಾಡುವ ಅಪ್ಪನ ಕಸುಬಿನವರು ಕೂತಲ್ಲೇ ನೆಟ್ಟಗಾಗುತ್ತಿದ್ದರು. ಶುಕ್ರವಾರ ಸಂಜೆಯೊಳಗೆ ನಾನು ಒಂದಕ್ಕೆ ಹೂಂ ಅನ್ನಬೇಕಿತ್ತು. ಇನ್ನೊಂದು ಬೇರೆ ಯಾರದೋ ಪಾಲಾಗುತ್ತಿತ್ತು.

ಅಮ್ಮನದು ಕಡ್ಡಿ ತುಂಡು ಮಾಡಿದಂಥ ಮಾತು. ದೊಡ್ಡ ಕಾಲೇಜಿಗೆ ಹೋಗು, ಇಲ್ಲೇ ಕೂತರೆ ಬಾವಿಯ ಕಪ್ಪೆಯಾಗುತ್ತೀಯ ಅಂದಳು. ಅವಳು ಶಾಲೆಯಲ್ಲಿ ಗಣಿತ ಹೇಳುವವಳು. ಒಂದು ಲೆಕ್ಕ ಮುಗಿಯಿತೆಂದರೆ ಬೋರ್ಡು ಒರೆಸಿ ಮುಂದಿನದಕ್ಕೆ ಹೋಗುವ ಜಾತಿ. ಅಜ್ಜಿಯದು ತದ್ವಿರುದ್ಧ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಶುರು ಮಾಡಿ, ಹಾಸ್ಟೆಲಿನ ಊಟ, ಅಲ್ಲಿನ ನೀರು, ಗೊತ್ತಿಲ್ಲದ ಜನ ಎಲ್ಲವನ್ನೂ ಸುತ್ತಿಕೊಂಡು, ಕೊನೆಗೆ ಈ ಸೋಡಾಬುಡ್ಡಿಯನ್ನು ರಸ್ತೆ ದಾಟಿಸುವವರು ಯಾರು ಎಂದು ನಿಲ್ಲಿಸುತ್ತಿದ್ದಳು.

ಸೋಡಾಬುಡ್ಡಿ ಅಂದರೆ ನಾನೇ. ನನ್ನ ಕನ್ನಡಕ ಮೈನಸ್ ಎಂಟು. ಸೋಡಾ ಬಾಟಲಿಯ ತಳದಷ್ಟು ದಪ್ಪ. ಕನ್ನಡಕದ ಅಂಗಡಿಯವನ ಮಗಳಿಗೇ ಇಂಥ ಕಣ್ಣು ಕೊಟ್ಟಿದ್ದಾನಲ್ಲ, ದೇವರಿಗೆ ವ್ಯಾಪಾರ ಚೆನ್ನಾಗಿ ಗೊತ್ತು ಅನ್ನುತ್ತಿದ್ದಳು ಅಜ್ಜಿ.

ಅಮ್ಮ, ಅಜ್ಜಿ ಇಬ್ಬರ ಮಾತೂ ನನ್ನನ್ನು ಕದಲಿಸಲಿಲ್ಲ. ಕಿಟಕಿಯ ಪರದೆಯ ಬಣ್ಣಕ್ಕೂ ಅವರು ಹೀಗೇ ಪಕ್ಷ ಕಟ್ಟುತ್ತಿದ್ದರು. ನನಗೆ ಬೇಕಿದ್ದುದು ಅಪ್ಪನ ಬಾಯಿಂದ ಒಂದು ಮಾತು. ಸುಳ್ಳು ಯಾಕೆ ಹೇಳಲಿ, ಬೇಕಿದ್ದುದು ಇದೇ ಮಾತು: ಹೋಗಬೇಡ. ಹೈಸ್ಕೂಲಿನಿಂದಲೂ ಆ ದೊಡ್ಡ ಕಾಲೇಜಿನ ಕನಸು ಕಂಡವಳು ನಾನು. ಆದರೂ ಹೋಗಬೇಡ ಅನ್ನಿಸಿಕೊಳ್ಳುವ ಆಸೆ ಹೊಟ್ಟೆಯೊಳಗೆ ಹಸಿವಿನಂತೆ ಕೂತಿತ್ತು.

ಅಪ್ಪನ ಅಂಗಡಿ ಮನೆಯ ಕೆಳಗೇ. ಮುಂದೆ ಫ್ರೇಮುಗಳ ಗಾಜಿನ ಕಪಾಟು, ಹಿಂದೆ ಕಣ್ಣು ಪರೀಕ್ಷೆ ಮಾಡುವ ಕತ್ತಲೆ ಕೋಣೆ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಲೋಹದ ಭಾರದ ಫ್ರೇಮು ಇಟ್ಟು, ಒಂದು ಲೆನ್ಸು ಹಾಕುತ್ತಾನೆ, ತೆಗೆದು ಇನ್ನೊಂದು ಹಾಕುತ್ತಾನೆ, ಕೇಳುತ್ತಾನೆ: ಮೊದಲನೇದಾ, ಎರಡನೇದಾ? ದನಿಯಲ್ಲಿ ಉಪ್ಪಿಲ್ಲ, ಖಾರವಿಲ್ಲ. ತನ್ನ ಮುಖ ಅವರಿಗೆ ಕಾಣದಂತೆ ಒಂದು ಪಕ್ಕಕ್ಕೆ ನಿಂತಿರುತ್ತಾನೆ. ಜನ, ಪಾಪ, ಕೇಳಿದವನಿಗೆ ಬೇಸರವಾಗದ ಉತ್ತರ ಕೊಡಲು ನೋಡುತ್ತಾರಂತೆ. ಎರಡನೆಯದು ಅನ್ನುವಾಗ ದನಿ ಕೂದಲೆಳೆಯಷ್ಟು ಏರಿದರೂ ಸಾಕು, ಎರಡನೆಯದೇ ಚೆನ್ನ ಎಂದುಬಿಡುತ್ತಾರೆ. ಆಮೇಲೆ ತಪ್ಪು ನಂಬರಿನ ಕನ್ನಡಕ ಹಾಕಿಕೊಂಡು ತಲೆನೋವು ಹೊತ್ತು ತಿರುಗುತ್ತಾರೆ. ನೋಡುವವರು ಅವರು, ನಮ್ಮ ಇಷ್ಟ ಅದರೊಳಗೆ ಕಾಲಿಡಬಾರದು ಎನ್ನುವುದು ಅಪ್ಪನ ಕಸುಬಿನ ನೇಮ.

ಕಸುಬು ಅಂಗಡಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದು ಮೆಟ್ಟಿಲು ಹತ್ತಿ ಮನೆಗೂ ಬಂದಿತ್ತು. ನೀಲಿ ಅಂಗಿಯೋ ಹಸಿರು ಅಂಗಿಯೋ ಎಂದು ಕೇಳುವಾಗಲೂ ಅದೇ ದನಿ. ಅಪ್ಪನಿಗೆ ಯಾವುದು ಇಷ್ಟವೆಂದು ತಿಳಿಯಲು ನಾನು ಚಿಕ್ಕಂದಿನಿಂದ ಅವನ ಮುಖ ಹುಡುಕಿ ಹುಡುಕಿ ಸೋತಿದ್ದೇನೆ.

ಆ ವಾರವೂ ಬಿಡಲಿಲ್ಲ. ಅವನು ಯಂತ್ರದಲ್ಲಿ ಲೆನ್ಸಿನ ಅಂಚು ಉಜ್ಜುತ್ತಿದ್ದಾಗ ಪಕ್ಕದಲ್ಲಿ ಕೂತು ಊರಿನ ಕಾಲೇಜನ್ನು ಬಾಯ್ತುಂಬ ಹೊಗಳಿದೆ. ತಲೆಯಾಡಿಸಿದ. ಮರುದಿನ ದೂರದ್ದನ್ನು ಹೊಗಳಿದೆ. ಅದೇ ತಲೆ, ಅಷ್ಟೇ ಆಡಿತು. ನೇರವಾಗಿ ಕೇಳಿದರೆ, ಎರಡು ಕಡೆಯೂ ಅದೇ ಡಿಗ್ರಿ, ನಿನಗೆ ಯಾವುದು ಸ್ಪಷ್ಟವಾಗಿದೆ ನೋಡು ಅಂದ. ನನಗೆ ಮೈಯೆಲ್ಲ ಉರಿಯಿತು. ನಿಮ್ಮಪ್ಪನ ಬಾಯಿಂದ ಮಾತು ಹೊರಡಿಸುವುದೂ ಒಂದೇ, ಕಲ್ಲಿನಲ್ಲಿ ನಾರು ತೆಗೆಯುವುದೂ ಒಂದೇ ಎಂದು ಅಜ್ಜಿ ಸಮಾಧಾನ ಹೇಳಿದಳು. ಅವಳಿಗೇನು, ಅದು ಅವಳೇ ಹೆತ್ತ ಕಲ್ಲು.

ಇನ್ನೂ ಬಿಟ್ಟಿರದ ಮನೆಗಾಗಿ ನಾನು ಆಗಲೇ ಹಂಬಲಿಸತೊಡಗಿದ್ದೆ. ಬೆಳಿಗ್ಗೆ ಕೆಳಗೆ ಶಟರ್ ಎತ್ತುವ ಸದ್ದು, ಅಮ್ಮನ ಕೈಯ ಸೀಮೆಸುಣ್ಣದ ಪುಡಿ, ಅಜ್ಜಿ ಕನಸಿನಲ್ಲೂ ಯಾರನ್ನೋ ಬೈಯುವುದು, ಎಲ್ಲವೂ ಕೈಜಾರಿ ಹೋಗುತ್ತಿರುವಂತೆ ಅನ್ನಿಸುತ್ತಿತ್ತು. ನಾನು ಇಷ್ಟು ಸಂಕಟಪಡುತ್ತಿದ್ದರೆ ಅಪ್ಪನಿಗೆ ಏನೂ ಆಗುತ್ತಿಲ್ಲವೇ ಎನ್ನುವುದು ಎಲ್ಲಕ್ಕಿಂತ ದೊಡ್ಡ ನೋವು. ನಾನು ಇದ್ದರೂ ಸರಿ, ಹೋದರೂ ಸರಿ ಅನ್ನುವ ಮನೆಯಿಂದ ಹೇಗೆ ಹೊರಡುವುದು? ಅಂಥ ಮನೆಯಲ್ಲಿ ಉಳಿಯುವುದಾದರೂ ಹೇಗೆ?

ಶುಕ್ರವಾರ ಮಧ್ಯಾಹ್ನ ಅಂಗಡಿಗೆ ಇಳಿದೆ. ಗಿರಾಕಿಗಳಿರಲಿಲ್ಲ. ಅಪ್ಪ ಗೋಡೆಗೂ ಯಂತ್ರಕ್ಕೂ ನಡುವಿನ ಸ್ಟೂಲಿನಲ್ಲಿ ಕೂತಿದ್ದ. ಸಿಟ್ಟಿನಲ್ಲೇ ಹೇಳಿದೆ, ದೂರದ್ದಕ್ಕೆ ಹೂಂ ಅನ್ನುತ್ತೇನೆ ಎಂದು. ಒಳ್ಳೆಯದು ಅಂದ. ಹಾಗೇ, ನಿನ್ನ ಕನ್ನಡಕದ ಕಡ್ಡಿ ಸಡಿಲವಾಗಿದೆ, ಕೊಡಿಲ್ಲಿ ಎಂದು ಕೈಚಾಚಿ ತೆಗೆದುಕೊಂಡ.

ಕನ್ನಡಕ ಹೋದ ಕೂಡಲೇ ಅಪ್ಪ ಬಿಳಿ ಅಂಗಿಯ ಒಂದು ಮಸುಕು ಮುದ್ದೆಯಾದ. ನಾನು ಕಾಯುತ್ತ ನಿಂತೆ. ಸ್ಕ್ರೂ ಬಿಗಿಮಾಡಲು ಅವನಿಗೆ ಎಷ್ಟು ಹೊತ್ತು ಬೇಕು? ಮಾತಾಡುತ್ತ ಮಾತಾಡುತ್ತ ಮುಗಿಸಿಬಿಡುವ ಕೆಲಸ. ಆದರೆ ಮುದ್ದೆ ಅಲ್ಲಾಡಲಿಲ್ಲ. ಡಬ್ಬಿಯಿಂದ ಸ್ಕ್ರೂ ಡ್ರೈವರ್ ತೆಗೆದ ಸದ್ದೂ ಬರಲಿಲ್ಲ. ಆಮೇಲೆ ಅವನು ಮೂಗೆಳೆದುಕೊಂಡ.

ಅರ್ಧ ಆಯುಷ್ಯ ಜನರ ಕಣ್ಣು ನೋಡಿ ಕಳೆದವನು ಆ ಹೊತ್ತಿನಲ್ಲಿ ಎಂಥ ತಪ್ಪು ಮಾಡಿದ್ದ! ಕನ್ನಡಕ ಕಿತ್ತುಕೊಂಡರೆ ಮಗಳಿಗೆ ತನ್ನ ಮುಖ ಕಾಣದು ಅಂದುಕೊಂಡಿದ್ದ. ನನ್ನಂಥ ಕಣ್ಣಿಗೆ ಕಾಣದಿರುವುದು ದೂರದ್ದು ಮಾತ್ರ. ಅರ್ಧ ಗೇಣಿನಷ್ಟು ಹತ್ತಿರ ತಂದರೆ ಹುಬ್ಬಿನ ಒಂದೊಂದು ಕೂದಲೂ ಬಿಡಿಬಿಡಿಯಾಗಿ ಕಾಣುತ್ತದೆ. ನಾನು ಕೌಂಟರಿನ ಆಚೆಗೆ ಹೋದೆ. ಬಗ್ಗಿ, ಅವನ ಮೂಗಿಗೆ ನನ್ನ ಮೂಗು ತಾಗುವಷ್ಟು ಹತ್ತಿರ ಮುಖ ತಂದೆ. ಅವನಿಗೆ ತಿರುಗಿಕೊಳ್ಳಲು ಜಾಗವಿರಲಿಲ್ಲ. ಕಣ್ಣು ಕೆಂಪಾಗಿತ್ತು. ಬೋಳಿಸದ ಗಡ್ಡದ ಕೂಳೆಯಲ್ಲಿ ನೀರು ಸಿಕ್ಕಿಕೊಂಡಿತ್ತು. ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ.

"ಹೇಳಪ್ಪ," ಅಂದೆ. "ಮೊದಲನೇದಾ, ಎರಡನೇದಾ?"

"ನನ್ನನ್ನ ಕೇಳ್ಬಾರದು ಮಗಳೇ. ಓದೋಳು ನೀನು."

"ನಾನೇನು ಮಾಡ್ಲಿ ಅಂತ ಕೇಳ್ತಿಲ್ಲ. ನಿನಗೇನು ಬೇಕು ಅದನ್ನ ಹೇಳು."

ನಾನು ಮುಖ ಹಿಂದಕ್ಕೆ ತೆಗೆಯಲಿಲ್ಲ, ಬೆನ್ನು ನೋಯುತ್ತಿದ್ದರೂ.

"ನೀನು ಇಲ್ಲೇ ಇರ್ಬೇಕು," ಅಂದ. ದನಿ ಏರಿತು, ನಡುಗಿತು, ನಡುವೆ ಒಡೆಯಿತು. ಜನ್ಮದಲ್ಲಿ ಮೊದಲ ಸಲ ಅಪ್ಪನ ದನಿ ಒಂದು ಕಡೆಗೆ ವಾಲಿದ್ದನ್ನು ಕೇಳಿದೆ. "ದಿನಾ ಸಂಜೆ ಮನೆಗೆ ಬರ್ಬೇಕು. ಹೋಗ್ಬೇಡ ಅನ್ನೋದು ಈ ವಾರವೆಲ್ಲ ನಾಲಿಗೆ ತುದೀಲೇ ಇತ್ತು. ನನ್ನ ಆಸೆಗೆ ನಿನಗೆ ತಪ್ಪು ನಂಬರ್ ಕೊಟ್ಬಿಟ್ರೆ ಅಂತ ನುಂಗ್ಕೊಂಡೆ."

ನಾನು ಅತ್ತೆ. ಅವನ ಅಂಗಿಯ ಹೆಗಲೆಲ್ಲ ಒದ್ದೆಯಾಯಿತು. ಅಪ್ಪನಿಗೆ ಗಾಬರಿಯಾಗಿ, ಇದನ್ನ ಲೆಕ್ಕಕ್ಕೆ ತಗೋಬೇಡ, ನಾನು ಅಂದದ್ದನ್ನ ಮರೆತುಬಿಡು ಎಂದು ಬೆನ್ನು ತಟ್ಟತೊಡಗಿದ. ಮರೆಯುವುದೆಲ್ಲಿಂದ ಬಂತು? ಈ ಮಾತು ಕೇಳಿದರೆ ಇಲ್ಲೇ ಉಳಿದುಬಿಡುತ್ತೇನೆ ಎಂದು ವಾರವಿಡೀ ಅಂದುಕೊಂಡಿದ್ದೆ. ಕೇಳಿದ ಮೇಲೆ ಗೊತ್ತಾಯಿತು, ಈ ಮಾತು ಕೇಳದೆ ನನಗೆ ಹೊರಡಲು ಕಾಲು ಬರುತ್ತಿರಲಿಲ್ಲ. ಇಷ್ಟು ಬೇಕಾದವಳಾಗಿ ಎಲ್ಲಿಗಾದರೂ ಹೋಗಬಹುದಿತ್ತು. ಸಂಜೆಗೆ ಮುಂಚೆ, ಅಪ್ಪನ ಪಕ್ಕದಲ್ಲೇ ಕೂತು, ದೂರದ ಕಾಲೇಜಿಗೆ ಹೂಂ ಅಂದೆ. ಅವನು ನನ್ನ ಕೈ ಹಿಡಿದುಕೊಂಡಿದ್ದ, ಆದರೆ ತಡೆಯಲಿಲ್ಲ.

ಹೋಗುವುದು ಅದರಿಂದ ಸುಲಭವಾಯಿತು ಎಂದು ಯಾರೂ ತಿಳಿಯಬೇಡಿ. ಇಲ್ಲಿನ ಹಾಸ್ಟೆಲಿನ ಕೋಣೆಯಲ್ಲಿ ಇನ್ನೂ ಇಬ್ಬರಿದ್ದಾರೆ, ಒಳ್ಳೆಯವರು. ಪಾಠ ಚೆನ್ನಾಗಿದೆ. ಕಣ್ಣಿನ ವಿಭಾಗದ ಮುಂದೆ ಹಾದುಹೋಗುವಾಗಲೆಲ್ಲ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ಆದರೆ ಸಂಜೆಯಾದರೆ ಸಾಕು, ಯಾವ ಪುಸ್ತಕ ತೆರೆದರೂ ಒಂದೇ ಪುಟದಲ್ಲಿ ಕೂತು, ಅಪ್ಪ ಶಟರ್ ಎಳೆಯುವ ಹೊತ್ತಾಯಿತೇ ಎಂದು ಗಡಿಯಾರ ನೋಡುತ್ತೇನೆ.

ಆಗ ಅಪ್ಪನ ಫೋನು ಬರುತ್ತದೆ. ಒಮ್ಮೆ ಕಟ್ಟೆ ಒಡೆದದ್ದೇ ತಡ, ಅವನಿಗೆ ಈಗ ಲಜ್ಜೆಯೂ ಇಲ್ಲ, ನೇಮವೂ ಇಲ್ಲ. ಯಾವಾಗ ಬರ್ತೀಯ ಅನ್ನುತ್ತಾನೆ. ರಜೆಗೆ ಎಂದರೆ, ಅದಕ್ಕಿಂತ ಮುಂಚೆ ಆಗೋದಿಲ್ವಾ ಅನ್ನುತ್ತಾನೆ. ನೀನಿಲ್ಲದೆ ಮನೆ ಬಿಕೋ ಅನ್ನುತ್ತೆ ಅನ್ನುತ್ತಾನೆ. ಓದುವ ಹುಡುಗಿಯನ್ನು ಅಳಿಸಬೇಡವೋ ಎಂದು ಹಿಂದಿನಿಂದ ಅಜ್ಜಿ ಗದರುವುದು ಕೇಳಿಸುತ್ತದೆ. ಅವನು ನಿಲ್ಲಿಸುವುದಿಲ್ಲ, ದಿನವೂ ಹೇಳುತ್ತಾನೆ, ಮತ್ತೆ ಮತ್ತೆ ಹೇಳುತ್ತಾನೆ. ನನಗೆ ಇನ್ನೂ ಸಾಲುತ್ತಿಲ್ಲ.