ಯಾವ ಕಾಲು, ಕ್ಯಾಪ್ಟನ್?

ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ನಾಲ್ಕು ವರ್ಷ ಈ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಓಡಿದ್ದರೂ ಇದಕ್ಕೊಂದು ವಾಸನೆಯಿದೆ ಎಂದು ಒಡೆಲ್‌ಗೆ ಗೊತ್ತೇ ಇರಲಿಲ್ಲ, ಬಿಸಿಲಿಗೆ ಕಾದ ಟಯರಿನ ವಾಸನೆ, ಮುಖ ಕೆಳಗೆ ಮಾಡಿ ಮಲಗಿದವನಿಗಷ್ಟೇ ಸಿಗುವಂಥದ್ದು, ಹೆಲ್ಮೆಟ್ಟಿನ ಕಂಬಿಗಳ ಸಂದಿಯಿಂದ ಕರಿ ಪುಡಿ ಬಂದು ತುಟಿಗೆ ಅಂಟಿದೆ, ಉಗುಳಬಾರದು, ಗಾಯವಾದವನು ಉಗುಳುತ್ತಾನೋ ಇಲ್ಲವೋ — ಯಾರಿಗೆ ಗೊತ್ತು, ಅವನಿಗೆ ಗಾಯವೇ ಆಗಿಲ್ಲವಲ್ಲ. ಯಾರೂ ಮುಟ್ಟದೆ, ಯಾರೂ ತಳ್ಳದೆ, ಕಾಲು ಮಡಚಿ ದೊಪ್ಪನೆ ಬಿದ್ದುಕೊಂಡಿದ್ದಾನೆ, ಆಟ ನಿಂತಿದೆ, ನಿಲ್ಲಲಿ ಅಂತಲೇ ಬಿದ್ದದ್ದು. ಎದುರಿನವರು ಉಸಿರಾಡಲೂ ಬಿಡದೆ ಒಂದರ ಬೆನ್ನಿಗೊಂದು ದಾಳಿ ಮಾಡುತ್ತ ನಮ್ಮ ಗೋಲಿನ ಗೆರೆಯ ಹತ್ತಿರ ಬಂದುಬಿಟ್ಟಿದ್ದರು, ನಮ್ಮ ಹುಡುಗರು ಸೊಂಟಕ್ಕೆ ಕೈಕೊಟ್ಟು ತೇಕುತ್ತಿದ್ದರು, ಆಗ ಅಂಚಿನಲ್ಲಿ ನಿಂತಿದ್ದ ಕೋಚ್ ಪ್ರುಯಿಟ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು — ಯಾರಾದ್ರೂ ಒಬ್ಬ ಬೀಳ್ರೋ ಅಂತ ಸನ್ನೆ. ಸುಳ್ಳಲ್ಲಪ್ಪ ಅದು, ಸ್ವಲ್ಪ ಉಸಿರು ತಗೊಳ್ಳೋದು ಅಷ್ಟೆ, ಎನ್ನುತ್ತಾರೆ ಕೋಚ್. ಟೋಪಿ ನೋಡಿ ಪಕ್ಕದ ಟ್ರೆವಿಯನ್ ಒಡೆಲ್‌ನ ಮುಖ ನೋಡಿದ, ಮೊದಲ ವರ್ಷದ ಟ್ರೆವಿಯನ್, ಬಾಗಿಲಷ್ಟು ಅಗಲದ ಆಸಾಮಿ, ಬುಧವಾರದ ಪ್ರಾರ್ಥನೆಗೆ ಒಡೆಲ್ ಕರೆದನೆಂದೇ ಬಂದು ಹೋದ ತಿಂಗಳು ದೀಕ್ಷಾಸ್ನಾನ ಮಾಡಿಸಿಕೊಂಡವನು, ಅಣ್ಣಾ ನಾ ಬೀಳ್ಲಾ ಎಂದು ಕಣ್ಣಲ್ಲೇ ಕೇಳಿದ, ಬೇಡ, ನೀನು ಬೇಡ, ಎಂದುಕೊಳ್ಳುವಷ್ಟರಲ್ಲಿ ಒಡೆಲ್ ತಾನೇ ನೆಲದ ಮೇಲಿದ್ದ. ಆ ಹುಡುಗನ ಸುಳ್ಳನ್ನು ತಾನು ಹೊತ್ತದ್ದು, ನಾಯಕನಾದವನು ಹೊರಬೇಕು, ಹೌದೇ, ಅಥವಾ ಕೋಚ್‌ಗೆ ಆಗಲ್ಲ ಎನ್ನುವ ಒಂದು ಮಾತು ಬಾಯಿಂದ ಬರಲಿಲ್ಲವೆಂದು ಬಿದ್ದದ್ದೇ, ಒಳ್ಳೆಯ ನಡತೆಗೆಂದು ಕಾಲೇಜು ಫಲಕ ಕೊಟ್ಟದ್ದು ಇದೇ ಒಡೆಲ್‌ಗೇ.

ಯಾಕೆ ಸದ್ದೇ ಇಲ್ಲ? ಕಾಲೇಜಿನ ಬ್ಯಾಂಡಿನವರೂ ನುಡಿಸುವುದು ನಿಲ್ಲಿಸಿದರು, ಅಷ್ಟು ದೊಡ್ಡ ಮೈದಾನ ಗಪ್‌ಚಿಪ್, ಕಂಬಿಗಳ ಸಂದಿಯಲ್ಲಿ ಬರೀ ಮೊಣಕಾಲುಗಳು, ಬಿದ್ದವನಿಗಾಗಿ ಪ್ರಾರ್ಥಿಸಲು ಒಂದೊಂದಾಗಿ ನೆಲಕ್ಕೆ ತಾಗುತ್ತಿವೆ, ನಮ್ಮ ಬಿಳಿ ಸಮವಸ್ತ್ರದವು, ಅವರ ಕೆಂಪಿನವು, ಅಯ್ಯೋ ಬೇಡ ಕಣ್ರೋ, ಏಳ್ರೋ. ಬೆನ್ನ ಮೇಲೊಂದು ಕೈ ಬಿತ್ತು, ಎದುರು ತಂಡದ ಕ್ಯಾಪ್ಟನ್ನನದು, ಆಟದ ಶುರುವಿನಲ್ಲಿ ನಾಣ್ಯ ಚಿಮ್ಮುವಾಗ ಕೈ ಕುಲುಕಿದ್ದವನು — ಕರ್ತನೇ, ಈ ನನ್ನ ಅಣ್ಣನ ಮೂಳೆ ಮುಟ್ಟಪ್ಪಾ, ನಾವು ಸೋತ್ರೂ ಚಿಂತೆಯಿಲ್ಲ, ಇವನನ್ನ ಎಬ್ಬಿಸು. ಸೋತರೂ ಚಿಂತೆಯಿಲ್ಲವಂತೆ! ಇಷ್ಟು ವರ್ಷ ಪ್ರತಿ ಆಟಕ್ಕೂ ಮುಂಚೆ ಹುಡುಗರ ಕೈ ಹಿಡಿದು ಪ್ರಾರ್ಥಿಸಿದ ಒಡೆಲ್ ಒಮ್ಮೆಯೂ ಹೀಗೆ ಕೇಳಿಕೊಂಡಿಲ್ಲ, ಕ್ಷಮಿಸು ಎನ್ನೋಣವೆಂದರೆ ಯಾರ ಮಾತು ಮೊದಲು ಕೇಳಬೇಕು ದೇವರು, ಇಲ್ಲದ ಗಾಯ ವಾಸಿಮಾಡು ಎನ್ನುವ ಇಷ್ಟು ಜನರದೋ, ಅವರ ಮಧ್ಯೆ ಬಿದ್ದುಕೊಂಡಿರುವ ಈ ಕಳ್ಳನದೋ.

ಯಾವ ಕಾಲು, ಕ್ಯಾಪ್ಟನ್? ಫಿಜಿಯೋ ಗ್ವೆನ್, ಕೈಯಲ್ಲಿ ಐಸಿನ ಚೀಲ, ಯಾವ ಕಾಲು ಹೇಳೋ ಮಾರಾಯ — ಯಾವುದು ಮಡಚಿದ್ದು, ಎಡವೇ, ಬಲವೇ, ನೆನಪಿಲ್ಲ, ಎರಡೂ ಗಟ್ಟಿಮುಟ್ಟಾಗಿವೆ, ಬಾಯಿ ತಾನಾಗಿ ತೆರೆದುಕೊಂಡಿತು, ಯಾವ ಕಾಲೂ ಅಲ್ಲ ಗ್ವೆನ್, ಏನೂ ನೋವಿಲ್ಲ. ಅವಳು ಎರಡೂ ಮೊಣಕಾಲು ಒತ್ತಿ ನೋಡಿದಳು, ಹೌದಲ್ಲ, ಎಲ್ಲೂ ಊದೇ ಇಲ್ಲ, ಎಂದದ್ದೇ ತಡ ತಂಡದ ಪಾದ್ರಿ ಹಾಲಿಸ್ ಎದ್ದು ನಿಂತು, ಕೇಳಿದ್ರೇನ್ರೋ, ನೋವೇ ಇಲ್ವಂತೆ, ಆಮೆನ್ ಅನ್ನೋಕೂ ಬಿಡ್ದೆ ವಾಸಿಮಾಡ್ಬಿಟ್ನಲ್ಲೋ ನಮ್ಮಪ್ಪ ದೇವ್ರು! ಇಲ್ಲ ಪಾದ್ರಿಗಳೇ, ನಾ ಬೇಕಂತ ಬಿದ್ದೆ, ಬೇಕಂತಲೇ — ಆದರೆ ಅಷ್ಟರಲ್ಲಿ ಯಾರೋ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ್ದಾರೆ, ಎರಡೂ ಕಾಲು ನೆಲದ ಮೇಲೆ ನೆಟ್ಟಗೆ ನಿಂತಿವೆ, ಜನ ಹೋ ಎಂದು ಕೂಗುತ್ತಿದ್ದಾರೆ, ಅವನ ಮಾತು ಅವನಿಗೇ ಕೇಳಿಸುತ್ತಿಲ್ಲ, ಟ್ರೆವಿಯನ್ ಬಂದು ತಬ್ಬಿಕೊಂಡು ಎಳೆಮಗುವಿನ ಹಾಗೆ ಅಳುತ್ತಿದ್ದಾನೆ, ಟೋಪಿ ನೋಡಿ ನಾ ಬೀಳ್ಬೇಕು ಅಂತಿದ್ದೆ ಅಣ್ಣಾ, ಅಷ್ಟ್ರಲ್ಲಿ ನೀ ನಿಜವಾಗ್ಲೂ ಬಿದ್ಬಿಟ್ಟೆ, ನನ್ನ ಸುಳ್ಳು ತಪ್ಸಿದ್ದೇ ದೇವ್ರು, ಇನ್ಮೇಲೆ ಕೋಚ್ ಎಷ್ಟು ಟೋಪಿ ತೆಗೆದ್ರೂ ಬೀಳಲ್ಲ. ನಿಜವಾಗಲೂ, ಎನ್ನುತ್ತಾನೆ. ಹೇಳಬೇಕು, ಈಗಲೇ, ಹೇಳಿದರೆ ಇವನು ಹಿಡಿದುಕೊಂಡಿರುವ ನಂಬಿಕೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ, ಆ ಮುಖ ನೋಡಲಾಗದೆ ತಲೆ ಎತ್ತಿದರೆ ಮೇಲಿನ ಸಾಲುಗಳಲ್ಲಿ ಅಮ್ಮ, ಅವನದೇ ನಂಬರಿನ ಅಂಗಿ ತೊಟ್ಟ ಅಮ್ಮ, ಮೊಣಕಾಲಿನ ಆಪರೇಷನ್ ಆದಮೇಲೆ ಚರ್ಚಿನಲ್ಲೂ ಕೂತೇ ಪ್ರಾರ್ಥಿಸುವ ಅಮ್ಮ, ಅವನ ಇಲ್ಲದ ಗಾಯಕ್ಕಾಗಿ ಸಿಮೆಂಟಿನ ಮೆಟ್ಟಿಲ ಮೇಲೆ ಮಂಡಿಯೂರಿದ್ದಾಳೆ, ಇಬ್ಬರು ಗಂಡಸರು ತೋಳು ಹಿಡಿದು ಎತ್ತುತ್ತಿದ್ದಾರೆ, ಏಳಲಾಗುತ್ತಿಲ್ಲ — ಟ್ರೆವಿಯನ್, ಒಂದು ಮಾತು ಕೇಳೋ ಇಲ್ಲಿ — ಅಮ್ಮ ಒಂದು ಕೈ ಬಿಡಿಸಿಕೊಂಡು ಮೇಲಕ್ಕೆತ್ತಿದ್ದಾಳೆ, ನಗುತ್ತಿದ್ದಾಳೆ, ಮಂಡಿ ಸಿಮೆಂಟಿನ ಮೇಲೆಯೇ ಇದೆ, ಕೇಳೋ — ಮಂಡಿ, ಸಿಮೆಂಟು, ಅಮ್ಮನಿಗೆ ಏಳಲಾಗುತ್ತಿಲ್ಲ.