ತೋಡಿಗೆ ಹೋದ ದೋಣಿ

"ಇನ್ನೂ ಬರಲಿಲ್ಲವಲ್ಲ ಮಾರಾಯ್ತಿ," ಎಂದರು ಮಾವ ಫೋನಿನಲ್ಲಿ. "ಮನೀಷ ದಾರಿ ತಪ್ಪಿಸಿಕೊಂಡನೋ ಏನೋ. ಇಲ್ಲಿ ನೀರು ಇಳಿಯಲಿಕ್ಕೆ ಶುರುವಾಯಿತು."

ಗಗನಾ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಯಾವ ನೀರು ಎಂದು ಕೇಳಿದಳು.

"ತೋಡಿನ ನೀರು. ಉಬ್ಬರ ಇಳಿದರೆ ದೋಣಿ ಕೆಸರಿನಲ್ಲಿ ಕೂರುತ್ತದೆ. ನಾನು ಪೂಜೆಯ ಕಾಯಿ ಹಿಡಿದುಕೊಂಡು ಎಷ್ಟು ಹೊತ್ತು ನಿಲ್ಲುವುದು?"

ಅವಳು ಕೈಯಲ್ಲಿದ್ದ ಗಂಡನ ಅಂಗಿಯನ್ನು ತಂತಿಯ ಮೇಲೆ ಹಾಕಿ ಕ್ಲಿಪ್ ಸಿಕ್ಕಿಸಿದಳು. ಅದರ ಪಕ್ಕದಲ್ಲೇ ಇನ್ನೊಂದು ಕ್ಲಿಪ್, ಅದರ ಪಕ್ಕ ಮತ್ತೊಂದು. ಬುಟ್ಟಿಯಲ್ಲಿದ್ದ ಕ್ಲಿಪ್ಪುಗಳೆಲ್ಲ ಆ ಒಂದೇ ಅಂಗಿಗೆ ಮುಗಿದುಹೋದವು.

"ತೋಡು ಅಂದ್ರೆ ಏನು ಮಾವ?"

"ತೋಡು ಅಂದರೆ ತೋಡೇ. ಸಣ್ಣ ಹೊಳೆ. ಮೋಠಾಗಾಂವ್ ಹತ್ತಿರ ಖಾಡಿಯ ಹಿನ್ನೀರಿಗೆ ಸೇರುವುದು ಉಂಟಲ್ಲ, ಅದು." ಆಮೇಲೆ ಕೇಳಿದರು, "ಯಾಕೆ?"

ನೆಟ್‌ವರ್ಕ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಗಗನಾ ಫೋನ್ ಇಟ್ಟಳು. ಪಿಕಪ್ ಗಾಡಿಯ ಮನೀಷನಿಗೆ ಫೋನ್ ಮಾಡಿದಳು. ಅವನು ಕಾಟಯಿ ನಾಕಾದಲ್ಲಿ ವಡಾ ಪಾವ್ ತಿನ್ನುತ್ತಿದ್ದ. ಬಾಯಿ ತುಂಬ ಇಟ್ಟುಕೊಂಡೇ, ಕೆಲಸ ಮುಗಿದುಹೋಯಿತು ಭಾಭಿ, ಶೀಲ್ ರೋಡಿನ ಗುಜರಿ ಭಂಗಾರ್ ಗೋದಾಮಿಗೆ ಕೊಟ್ಟು ಬಂದೆ, ಅಲ್ಲಿನವರು ನನ್ನ ಎದುರೇ ಕಟರ್ ಹಚ್ಚಿದರು ಎಂದ. ಹೇಳಿದ ಕೆಲಸ ಹೇಳಿದ ಹಾಗೆ ಮಾಡಿದೆ ಎಂಬ ಸಮಾಧಾನ ಅವನ ದನಿಯಲ್ಲಿತ್ತು.

ಆ ದೋಣಿಯನ್ನು ಮಾವ ಜಯಶೀಲ ಕಾಂಚನ್ ತಂದದ್ದು ವಾಗ್ಳೆ ಎಸ್ಟೇಟಿನ ತಮ್ಮ ವರ್ಕ್‌ಶಾಪಿನಿಂದ. ಅಲ್ಲಿ ಅವರು ಫ್ಯಾಬ್ರಿಕೇಶನ್ ಮಾಡುತ್ತಿದ್ದರು. ವರ್ಕ್‌ಶಾಪ್ ಮುಚ್ಚುವಾಗ ಹಿತ್ತಲಿನ ಹುಲ್ಲಿನಲ್ಲಿ ಬಿದ್ದಿದ್ದ ಹಳೆಯ ಅಲ್ಯುಮಿನಿಯಂ ದೋಣಿಯನ್ನು, ಬೇಕಾದರೆ ತಗೊಂಡು ಹೋಗಿ ಎಂದು ಸೇಠ್ ಇವರಿಗೆ ಬಿಟ್ಟುಕೊಟ್ಟಿದ್ದ. ಯಾವುದೋ ಕಂಪನಿ ನೆರೆಯ ಕಾಲಕ್ಕೆಂದು ಮಾಡಿಸಿ ಆಮೇಲೆ ಮರೆತುಬಿಟ್ಟದ್ದು. ಅದನ್ನು ಹೊತ್ತಿದ್ದ ಟ್ರೇಲರ್ ಮುಟ್ಟಿದರೆ ಪುಡಿಯಾಗುವ ಹಾಗೆ ತುಕ್ಕು ಹಿಡಿದಿತ್ತು. ಜಯಶೀಲರು ಎರಡನ್ನೂ ಲಾರಿಯಲ್ಲಿ ಹೇರಿಸಿ ಠಾಕುರ್ಲಿಗೆ ತಂದು ಸೊಸೈಟಿಯ ಪಾರ್ಕಿಂಗಿನಲ್ಲಿ, ಸೊಸೆ ಬುಕ್ ಮಾಡಿದ್ದ ಕಾರಿಗೆಂದು ಇದ್ದ ಜಾಗದಲ್ಲಿ, ಇಳಿಸಿದರು.

ಅವರು ಉಚ್ಚಿಲದ ಮೊಗವೀರರು. ಅಪ್ಪ ಮೀನು ಹಿಡಿದವರು. ಇವರು ಮೀಸೆ ಬರುವ ಮುಂಚೆ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು, ಸಂಜೆ ಕನ್ನಡ ನೈಟ್ ಸ್ಕೂಲಿನಲ್ಲಿ ಕಲಿತು, ಆಮೇಲೆ ವೆಲ್ಡಿಂಗಿಗೆ ಬಿದ್ದವರು. ದೋಣಿ ಯಾಕೆ ಎಂದು ಕೇಳಿದರೆ, ಭಾನುವಾರ ಖಾಡಿಯಲ್ಲಿ ಗಾಳ ಹಾಕಲಿಕ್ಕೆ ಎಂದಷ್ಟೇ ಹೇಳುತ್ತಿದ್ದರು.

ತಂದ ದಿನವೇ ಗಗನಾ ಊಟದ ಮುಂದೆ ಕೂತು, ಎಲ್ಲರಿಗೂ ಕೇಳುವಂತೆ, ಅದನ್ನು ಭಂಗಾರಿಗೆ ಹಾಕಿದರೆ ಜಾಗವಾದರೂ ಆಗುತ್ತದೆ ಎಂದಿದ್ದಳು. ಅವಳು ಮೈಸೂರಿನವಳು, ಐರೋಲಿಯ ಐಟಿ ಕಂಪನಿಯವಳು, ಮನಸ್ಸಿನಲ್ಲಿದ್ದದ್ದನ್ನು ಆಡಿಬಿಡುವವಳು. ಅತ್ತೆ ಪ್ರಫುಲ್ಲಾ ಆ ಮಾತನ್ನು ಮರೆಯಲಿಲ್ಲ.

ಆದರೆ ಆಮೇಲೆ ಭಾನುವಾರ ಭಾನುವಾರ ಆ ದೋಣಿಯೊಳಗೆ ತೂರಿಕೊಂಡು ಕೂತದ್ದು ಅವಳೇ. ಮೊದಲು ಅದಕ್ಕೆ ನೀರು ತುಂಬಿಸಿದರು. ಹೊರಗಿನ ಹೊಟ್ಟೆಯ ಮೇಲೆ ಎಲ್ಲೆಲ್ಲಿ ಹನಿ ಮೂಡಿತೋ ಅಲ್ಲಲ್ಲಿ ಮಾವ ಸೀಮೆಸುಣ್ಣದಿಂದ ಗುಂಡಗೆ ಗುರುತು ಹಾಕಿದರು. ಸಡಿಲವಾದ ಹಳೆಯ ರಿವೆಟ್ಟುಗಳನ್ನು ಕೊರೆದು ತೆಗೆದು ಹೊಸದನ್ನು ಹೊಡೆಯುವಾಗ ಒಳಗಿನಿಂದ ಒಬ್ಬರು ಕಬ್ಬಿಣದ ತುಂಡನ್ನು ಒತ್ತಿ ಹಿಡಿಯಬೇಕು. ಸೀಟಿನ ಅಡಿಯ ಆ ಸಂದಿಗೆ ಗಂಡ ರಿತೇಶ್ ಹಿಡಿಸುತ್ತಿರಲಿಲ್ಲ. ಗಗನಾ ಹಿಡಿಸುತ್ತಿದ್ದಳು. ಸುತ್ತಿಗೆಯ ಪೆಟ್ಟು ಬಿದ್ದಾಗ ಹಲ್ಲಿನವರೆಗೂ ಜುಮ್ಮೆನ್ನುತ್ತಿತ್ತು. ಟ್ರೇಲರಿನದು ಇನ್ನೂ ದೊಡ್ಡ ಕೆಲಸ. ಕೊಳೆತ ಚೌಕಟ್ಟನ್ನು ಕತ್ತರಿಸಿ ಹೊಸ ಚಾನೆಲ್ ಬೆಸುಗೆ ಹಾಕಿ, ಹಳೆಯ ಟೆಂಪೋ ಒಂದರ ಆಕ್ಸಲ್ ಕೂರಿಸಿ, ಬೇರಿಂಗಿಗೆ ಗ್ರೀಸ್ ತುಂಬಿ, ದೋಣಿ ಕೂರುವ ಮರದ ಹಲಗೆಗಳಿಗೆ ಹಳೆಯ ಕಾರ್ಪೆಟ್ ಸುತ್ತಿದರು.

ಆ ಮನೆಯಲ್ಲಿ ಅತ್ತೆಮಾವನ ನಡುವಿನ ಮಾತು ತುಳು. ಡೊಂಬಿವ್ಲಿಯಲ್ಲೇ ಹುಟ್ಟಿದ ರಿತೇಶ್ ತುಳು ಕೇಳಿ ಹಿಂದಿಯಲ್ಲಿ ಉತ್ತರಿಸುತ್ತಿದ್ದ. ಗಗನಾಳ ಹತ್ತಿರ ಅವನದೂ ಅತ್ತೆಯದೂ ಹಿಂದಿಯೇ. ಕನ್ನಡ ಮಾತಾಡಲಿಕ್ಕೆ ಜಯಶೀಲರಿಗೆ ಇದ್ದದ್ದು ಸೊಸೆ ಒಬ್ಬಳು, ಸೊಸೆಗೆ ಇದ್ದದ್ದು ಅವರೊಬ್ಬರು. ಅವರ ಕನ್ನಡ ನೈಟ್ ಸ್ಕೂಲಿನದು, ಅರ್ಧ ಪುಸ್ತಕ, ಅರ್ಧ ಕರಾವಳಿ. ಅರ್ಥವಾಗದ ಮಾತು ಬಂದಾಗಲೆಲ್ಲ ಗಗನಾ ದೋಣಿಯ ಒಳಗಿನಿಂದಲೇ, ಹಾಗಂದ್ರೇನು ಮಾವ ಎಂದು ಕೂಗುತ್ತಿದ್ದಳು. ಸುತ್ತಿಗೆ ಕೆಳಗಿಟ್ಟು ಅವರು ವಿವರಿಸುತ್ತಿದ್ದರು. ಮೈಸೂರಿನಲ್ಲಿ ಇಷ್ಟೂ ಕಲಿಸುವುದಿಲ್ಲವಾ ಎಂದು ಛೇಡಿಸುತ್ತಿದ್ದರು. ಹಾಗೆ ಕೇಳದೆ ಅವಳು ಯಾವ ಶಬ್ದವನ್ನೂ ಬಿಟ್ಟವಳಲ್ಲ.

ಹಾಗೆಂದು ಪಾರ್ಕಿಂಗ್ ಜಾಗದ ಆಸೆಯನ್ನೂ ಬಿಟ್ಟಿರಲಿಲ್ಲ. ಕಾರು ಬರುವ ದಿನ ಹತ್ತಿರವಾಗಿತ್ತು. ಸೊಸೈಟಿಯವರು ನೋಟಿಸು ಅಂಟಿಸಿದ್ದರು. ಶನಿವಾರ ಸಂಜೆ ಅದರ ಮೇಲೆ ಅಪ್ಪನಿಗೂ ಮಗನಿಗೂ ಮಾತು ಬೆಳೆಯಿತು. ಕೊನೆಗೆ ಜಯಶೀಲರು, ನಾಳೆಯಿಂದ ಈ ದೋಣಿ ಇಲ್ಲಿ ಇರುವುದಿಲ್ಲ, ಸಾಕಾ, ಎಂದು ಎದ್ದುಹೋದರು. ಮೋಠಾಗಾಂವ್‌ನ ಗೆಳೆಯರೊಬ್ಬರ ಅಂಗಳದಲ್ಲಿ ಅದನ್ನು ಇಡುವುದೆಂದು ಮಾತಾಡಿಕೊಂಡಿದ್ದರು. ಅದನ್ನು ಯಾರಿಗೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಮನೆಯವರು ಏಳುವ ಮುಂಚೆ ಅಲ್ಲಿಗೆ ಹೊರಟುಬಿಟ್ಟಿದ್ದರು.

ಅವರು ಬಾಡಿಗೆಗೆ ಕರೆಸಿದ್ದ ಬೊಲೆರೊ ಪಿಕಪ್ಪಿನ ಮನೀಷ, ಎಲ್ಲಿಗೆಂದು ತಿಳಿಯದೆ, ಕೆಳಗೆ ಬಂದು ಹಾರ್ನ್ ಮಾಡಿದಾಗ ಮಾವನ ಮೊದಲ ಫೋನ್ ಬಂದಿತ್ತು. ಗಾಳಿಯ ಸದ್ದಿನಲ್ಲಿ ಮಾತು ತುಂಡು ತುಂಡಾಗಿ ಕೇಳಿಸಿತು. "ಮನೀಷನಿಗೆ ಹೇಳು, ಟ್ರೇಲರ್ ಸಮೇತ ತೋಡಿಗೆ ಹಾಕಲಿ. ತಡ ಮಾಡುವುದು ಬೇಡ."

ಎದುರಿನ ಹಳೆಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋದಾಗ, ಅದು ತೋಡಿಗೆ ಹೋಯಿತು ಎಂದಿದ್ದವರು ಇದೇ ಮಾವ. ಈ ಊರಿನ ಕನ್ನಡದಲ್ಲಿ ಒಡೆಯುವುದಕ್ಕೆಲ್ಲ ಹಿಂದಿಯ ತೋಡ್. ಮುದುಕರಿಗೆ ರೋಷ ಬಂದಿದೆ, ಒಡೆಯುವುದನ್ನು ನೋಡಲಾಗದೆ ಮನೆ ಬಿಟ್ಟು ಎಲ್ಲೋ ಹೋಗಿ ಕೂತಿದ್ದಾರೆ ಎಂದು ಗಗನಾ ಅಂದುಕೊಂಡಳು. ಅವಳಿಗೆ ಪಾಪ ಅನ್ನಿಸಿತು. ಅದಕ್ಕಿಂತ ಮುಂಚೆ ಇನ್ನೊಂದು ಅನ್ನಿಸಿತ್ತು. ಕೆಳಗಿಳಿದು, ಇದನ್ನು ಒಡೆಯುವುದಕ್ಕೆ ಭಂಗಾರಿಗೆ ಕೊಡಬೇಕಂತೆ, ಗಾಡಿ ಸಮೇತ, ಎಂದು ಮನೀಷನಿಗೆ ಹಿಂದಿಯಲ್ಲಿ ಹೇಳಿದಳು. ಅವನು ಹೊಳೆಯುವ ದೋಣಿಯನ್ನೂ ಅವಳನ್ನೂ ನೋಡಿದ.

"ಪಕ್ಕಾ, ಭಾಭಿ? ನಯಾ ದಿಖ್ತಾ ಹೈ."

"ಪಕ್ಕಾ."

ಮಧ್ಯಾಹ್ನದ ಬಿಸಿಲಿನಲ್ಲಿ ರಿತೇಶನ ಸ್ಕೂಟರಿನ ಹಿಂದೆ ಕೂತು ಅವಳು ಶೀಲ್ ರೋಡಿಗೆ ಹೋದಳು. ದಾರಿಯುದ್ದಕ್ಕೂ ರಿತೇಶ್ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿ ಕೇಳಿದ: ನೀನು ಅಪ್ಪನಿಗೆ ತಿರುಗಿ ಯಾಕೆ ಕೇಳಲಿಲ್ಲ? ಅವಳಿಗೆ ಅದು ಕೇಳಿಸುತ್ತಿತ್ತು, ಆದರೆ ಉತ್ತರಿಸಬೇಕಾದವಳು ತಾನು ಎಂಬುದು ತಲೆಗೆ ಹೋಗುತ್ತಿರಲಿಲ್ಲ. ಅಂಗಡಿಗಳ ಬೋರ್ಡುಗಳನ್ನು ಓದುತ್ತಾ ಕೂತಿದ್ದಳು. ಟೈಲ್ಸ್, ಪ್ಲೈವುಡ್, ಟೈಲ್ಸ್, ಬಿರಿಯಾನಿ.

ಗೋದಾಮಿನ ಅಂಗಳದಲ್ಲಿ ದೋಣಿ ಇರಲಿಲ್ಲ. ತಗಡುಗಳಿದ್ದವು. ಹಾಸಿಗೆಯ ಅಗಲದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮೂತಿಯ ಭಾಗ ಮಾತ್ರ ಇನ್ನೂ ಮೂತಿಯ ಆಕಾರದಲ್ಲಿ ಗೋಡೆಗೆ ಒರಗಿತ್ತು. ಕತ್ತರಿಸಿದ ಅಂಚು ಎಷ್ಟು ಬೆಳ್ಳಗಿತ್ತೆಂದರೆ ಗಗನಾ ಅದನ್ನು ಮುಟ್ಟಿ ನೋಡಿದಳು. ಬೆರಳು ಕುಯ್ದು ರಕ್ತ ಬಂತು. ನೋವಾಗಲಿಲ್ಲ. ಪಕ್ಕದಲ್ಲಿ ಟ್ರೇಲರ್ ಗಾಲಿ ಕಳೆದುಕೊಂಡು ಹೊಟ್ಟೆಯ ಮೇಲೆ ಕೂತಿತ್ತು.

"ಅಯ್ಯೋ ದೇವರೇ," ಎಂದಳು.

ಕಟರ್ ಹಿಡಿದಿದ್ದವನು ಕನ್ನಡಕದ ಗಾಜು ಮೇಲೆತ್ತಿದ. ಅವನ ಹೆಸರು ಚಂದ್ರಾಮ, ಕಲಬುರಗಿ ಕಡೆಯವನು. "ಕನ್ನಡದಾರೇನ್ರಿ ಅಕ್ಕಾರ?" ಎಂದು ಮುಖ ಅರಳಿಸಿದ. "ನಮ್ಮಂದಿ ಇಲ್ಲಿ ಬರೂದ ಕಡಿಮಿ. ಕುಂದರ್ರಿ, ಚಾ ತರಸ್ತೀನಿ." ಅವಳು ತಗಡು ನೋಡುತ್ತಿರುವುದನ್ನು ಕಂಡು ಅವನೂ ನೋಡಿದ. "ಭಾಳ ಗಟ್ಟಿ ಇತ್ತು ನೋಡ್ರಿ. ಹೊಸಾ ರಿವೆಟ್ ಹೊಡದಿದ್ರು. ಯಾರೋ ಮನಸಿಟ್ಟು ಮಾಡ್ಯಾರ. ನನ್ನ ಎರಡು ಬ್ಲೇಡ್ ತಿಂತು."

ಗಗನಾ ತಗಡಿನ ರಾಶಿಯ ಪಕ್ಕ ಕೂತಳು. ಚಹಾಕ್ಕೆಂದು ಕೂತಳು ಎಂದು ಅವನು ಅಂದುಕೊಂಡ.

ಅಷ್ಟರಲ್ಲಿ ಪ್ರಫುಲ್ಲಾ ಗಂಡನಿಗೆ ಫೋನ್ ಮಾಡಿ ಹೇಳಿಯಾಗಿತ್ತು. ರಿತೇಶನಿಗೂ ಮಾಡಿದಳು. ಸ್ಪೀಕರ್ ಹಾಕದಿದ್ದರೂ ಅವಳ ತುಳು ಎಲ್ಲರಿಗೂ ಕೇಳುತ್ತಿತ್ತು. ಕಾರು ಬರುವುದಕ್ಕೆ ಸರಿಯಾಗಿ ಕಿವಿ ಕೆಟ್ಟಿತಾ, ಭಂಗಾರಿಗೆ ಹಾಕಿ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿದವಳಲ್ಲವಾ, ಎಂಬಷ್ಟು ಗಗನಾಳಿಗೂ ಅರ್ಥವಾಯಿತು. ರಿತೇಶ್ ಇಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಮಾವ ಏನನ್ನುತ್ತಾರೋ ಅದೇ ಇನ್ನು ಆ ಮನೆಯಲ್ಲಿ ತನ್ನ ಬಗೆಗಿನ ಮಾತು ಎಂದು ಅವಳಿಗೆ ತಿಳಿಯಿತು. ನಂಬಿದರೆ ಉಳಿದೆ. ಇಲ್ಲದಿದ್ದರೆ, ಅದೇ ಮನೆ, ಅದೇ ಅಡುಗೆ, ಅಷ್ಟೇ.

ಜಯಶೀಲರು ರಿಕ್ಷಾದಿಂದ ಇಳಿದರು. ಬಿಳಿ ಅಂಗಿ ಹಾಕಿದ್ದರು. ಪೂಜೆಯ ಸಾಮಾನಿನ ಚೀಲ ಕೈಯಲ್ಲೇ ಇತ್ತು. ತಗಡಿನ ರಾಶಿಯ ಹತ್ತಿರ ಹೋಗಿ ಮೇಲಿನದನ್ನು ಎತ್ತಿ, ಕೆಳಗಿನದನ್ನು ನೋಡಿ, ಮೇಲಿನದನ್ನು ಮೊದಲಿದ್ದ ಹಾಗೆಯೇ ಇಟ್ಟರು. ಬಾಯಿ ಸ್ವಲ್ಪ ತೆರೆದೇ ಇತ್ತು. ಮುಚ್ಚಿಕೊಳ್ಳಲು ಮರೆತಂತಿತ್ತು. ಚಂದ್ರಾಮನಿಗೆ ಆಗ ಏನೋ ಹೊಳೆದು, ಕಟರಿನ ವೈರ್ ಸುತ್ತತೊಡಗಿದ.

"ನಾನು ಫೋನಿನಲ್ಲಿ ಏನು ಹೇಳಿದೆ?" ಎಂದು ಕೇಳಿದರು, ಕನ್ನಡದಲ್ಲಿ.

ಗಗನಾ ಅವರ ಮಾತನ್ನು ಅವರಿಗೇ ಒಪ್ಪಿಸಿದಳು. ಟ್ರೇಲರ್ ಸಮೇತ ತೋಡಿಗೆ ಹಾಕಲಿ. ತಡ ಮಾಡುವುದು ಬೇಡ.

ಅವರು ಅದನ್ನು ತಮ್ಮೊಳಗೇ ಒಂದು ಸಲ ಅಂದು ನೋಡಿಕೊಂಡರು. ತುಟಿ ಆಡಿತು. ಆಮೇಲೆ ಮಗನ ಕಡೆ ತಿರುಗಿ ತುಳುವಿನಲ್ಲಿ, ಇವಳದೇನೂ ತಪ್ಪಿಲ್ಲ, ನಿನ್ನ ಅಮ್ಮನಿಗೂ ಹೇಳು, ಮನೆಗೆ ಹೋಗಿ ಯಾರೂ ಈ ಮಾತು ಎತ್ತಬಾರದು ಎಂದರು. ಗಗನಾಳಿಗೆ ಹೇಳಿದರು, "ಘಟ್ಟದ ಮೇಲಿನವರಿಗೆ ತೋಡು ಗೊತ್ತಿರುವುದಿಲ್ಲ. ನಾನು ಖಾಡಿ ಅಂತ ಹೇಳಬೇಕಿತ್ತು. ಏನು ಮಾಡುವುದು, ಬಾಯಿಗೆ ಬಂದದ್ದು ಊರಿನ ಶಬ್ದ."

ಅಲ್ಲಿಗೆ ಮುಗಿಯಬೇಕಿತ್ತು. ರಿತೇಶ್ ಆಗಲೇ ಸ್ಕೂಟರಿನ ಕೀಲಿ ತೆಗೆದಿದ್ದ. ಬುದ್ಧಿ ಇರುವ ಯಾರೇ ಆದರೂ ಸುಮ್ಮನಿರುತ್ತಿದ್ದರು. ಗಗನಾಳಿಗೆ ಮಾತ್ರ, ಸೀಟಿನ ಸಂದಿಯಲ್ಲಿ ಕೂತು ಎಷ್ಟೋ ಭಾನುವಾರ ಹಾಗಂದ್ರೇನು ಮಾವ ಎಂದು ಕೂಗಿದ್ದ ತಾನು, ಈ ಒಂದು ಸಲ ಯಾಕೆ ಕೂಗಲಿಲ್ಲ ಎಂಬುದು ಗಂಟಲಿಗೆ ಬಂದು ಕೂತಿತ್ತು. ಅದನ್ನು ನುಂಗಿಕೊಂಡರೆ ಮುಂದೆ ಅವರ ಎದುರು ಕೂತು ಅನ್ನ ನುಂಗುವುದು ಆಗದ ಮಾತು.

"ಮಾವ, ನೀವು ತೋಡಿಗೆ ಅಂದಾಗ ನನಗೆ ಖುಷಿ ಆಯ್ತು. ಜಾಗ ಖಾಲಿ ಆಯ್ತಲ್ಲ ಅಂತ. ಅದಕ್ಕೇ ಇನ್ನೊಂದು ಸಲ ಕೇಳ್ಲಿಲ್ಲ. ಮನೀಷ್ ಪಕ್ಕಾನಾ ಅಂದ. ನಾನು ಪಕ್ಕಾ ಅಂದೆ."

ರಿತೇಶ್ ಹಣೆಗೆ ಕೈ ಹಚ್ಚಿಕೊಂಡ. ಜಯಶೀಲರು ಸೊಸೆಯ ಮುಖ ನೋಡಿದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ತಗಡಿನ ಎದುರು ನಿಂತಾಗ ಇದ್ದ ಮುಖವೇ ಈಗಲೂ ಇತ್ತು.

"ಅದು ನನಗೆ ಗೊತ್ತಾಗಿತ್ತು," ಎಂದರು. "ನೀನು ಹೇಳದೆ ಇದ್ದಿದ್ದರೆ ಗೊತ್ತಿಲ್ಲದವನ ಹಾಗೆ ಇರಬಹುದಿತ್ತು."

ಆಮೇಲೆ ಅವರು ಚಂದ್ರಾಮನ ಹತ್ತಿರ ಹೋಗಿ, ಟ್ರೇಲರಿನ ಗಾಲಿಗಳನ್ನು ತಿರುಗಿ ಹಾಕಿಕೊಡುತ್ತೀಯಾ ಎಂದು ಹಿಂದಿಯಲ್ಲಿ ವಿಚಾರಿಸಿದರು. ಅವನು ಕನ್ನಡದಲ್ಲೇ, ಹಾಕಿ ಕೊಡ್ತೀನ್ರಿ ಯಜಮಾನ್ರ, ಎಂದ. ಅವರು ಹಿಂದಿಯಲ್ಲೇ ಮುಂದುವರಿಸಿದರು. ಬಗ್ಗಿ ಬೋಲ್ಟುಗಳನ್ನು ಹುಡುಕುವಾಗ ಕೈ ಖಾಲಿಯಿರಲೆಂದು ಚೀಲವನ್ನು ಗಗನಾಳ ಕಡೆ ಚಾಚಿದರು.

"ಯೇ ಪಕಡೋ."

ಅವಳು ಹಿಡಿದುಕೊಂಡಳು. ಕೆಲಸದವನ ಜೊತೆ ಆಡುತ್ತಿದ್ದ ಹಿಂದಿ ನಾಲಿಗೆಗೆ ಅಂಟಿಕೊಂಡಿದೆ ಎಂದುಕೊಂಡಳು. ಸಂಜೆ ಮನೆಯಲ್ಲಿ ಸಾರು ಬಡಿಸುವಾಗ ಮಾವ ಸಾಕು ಎನ್ನದೆ ಬಸ್ ಎಂದರು. ಆಗಲೂ ಏನೂ ಅನ್ನಿಸಲಿಲ್ಲ, ಅದು ಎಲ್ಲರೂ ಅನ್ನುವ ಮಾತು.

ಸೋಮವಾರ ಬೆಳಿಗ್ಗೆ ಅವಳು ಐರೋಲಿಗೆ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಜಯಶೀಲರು ಪೇಪರಿನಿಂದ ತಲೆಯೆತ್ತಿ, ಬಾಹರ್ ಧೂಪ್ ಹೈ, ಛತ್ರಿ ಲೇಕೇ ಜಾನಾ ಎಂದರು. ಮೃದುವಾಗಿಯೇ ಹೇಳಿದರು, ನೆರೆಮನೆಯ ಹುಡುಗಿಗೆ ಹೇಳುವಷ್ಟು ಮೃದುವಾಗಿ. ಒಂದು ಚಪ್ಪಲಿ ಕಾಲಿನಲ್ಲಿ, ಇನ್ನೊಂದು ಕೈಯಲ್ಲಿ ಹಾಗೇ ನಿಂತು ಅವಳು, ಛತ್ರಿ ಬ್ಯಾಗಲ್ಲೇ ಇದೆ ಮಾವ, ಬರ್ತಾ ತರಕಾರಿ ತರ್ತೀನಿ, ನಿಮಗೆ ಬಸಳೆ ಸಿಕ್ಕಿದ್ರೆ ಅದನ್ನೂ ತರ್ತೀನಿ ಎಂದು, ಬೇಕಾದ್ದಕ್ಕಿಂತ ಹೆಚ್ಚು ಕನ್ನಡ ಆಡಿದಳು.

ಅವರು ಅವಳ ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕೇಳಿದರು.

"ಠೀಕ್ ಹೈ," ಎಂದರು.